ಬೀದರ್ ವಾಯುನೆಲೆಯಲ್ಲಿ ಹಿಂದಿನ ಸೀಟಿನ ಪಾಠ

ಹಕೀಂಪೇಟೆಯಲ್ಲಿ ಕಿರಣ್ ವಿಮಾನದ ಬೋಧಕನಾಗಿದ್ದ ನಾನು ಹಾಕ್ ಎಂಬ ತರಬೇತಿ ಜೆಟ್‌ನಲ್ಲಿ ಕಲಿಸಲೆಂದು ಬೀದರಿಗೆ ವರ್ಗವಾಗಿ ಬಂದಾಗ, ಕಲಿಸುವ ರೀತಿಯನ್ನೇ ಬದಲಿಸಿಕೊಳ್ಳಬೇಕಾಯಿತು. ಕಿರಣ್‌ನಲ್ಲಿ ಬೋಧಕನೂ ಶಿಷ್ಯನೂ ಅಕ್ಕಪಕ್ಕ ಕೂರುವುದರಿಂದ ಅವನ ಮುಖ, ಕೈ, ಕಣ್ಣಿನ ಚಲನೆ ಎಲ್ಲವೂ ಕಾಣುತ್ತಿದ್ದವು. ಹಾಕ್‌ನಲ್ಲಿ ಶಿಷ್ಯ ಮುಂದೆ, ಬೋಧಕ ತುಸು ಎತ್ತರದ ಹಿಂದಿನ ಸೀಟಿನಲ್ಲಿ. ಹಾಗಾಗಿ ನಿಯಂತ್ರಣ ದಂಡದ ಮೇಲೆ ಬೆರಳುಗಳನ್ನು ಹಗುರವಾಗಿ ಇಟ್ಟುಕೊಂಡು, ಎರಡು ದಂಡಗಳೂ ಒಟ್ಟಿಗೇ ಅಲುಗುವುದರಿಂದ ಅವನ ಗಾಬರಿಯನ್ನು ಕೈಯಲ್ಲೇ ಗುರುತಿಸುವುದನ್ನೂ, ಇಂಟರ್‌ಕಾಮ್‌ನಲ್ಲಿ ಕೇಳಿಬರುವ ಉಸಿರಿನಿಂದ ಅವನಿಗೆ ಕೆಲಸ ಮೀರುತ್ತಿದೆಯೇ ಎಂದು ಅಳೆಯುವುದನ್ನೂ ರೂಢಿಸಿಕೊಂಡೆ.

ಈ ನೆಲೆಗೆ ಹಾಕ್ ಬಂದದ್ದು 2008ರಲ್ಲಿ. ಅದಕ್ಕೂ ಮೊದಲು ಯುವ ಪೈಲಟ್‌ಗಳು ಕಿರಣ್, ಇಸ್ಕ್ರಾದಂಥ ನಿಧಾನದ ವಿಮಾನಗಳಿಂದ ಅತಿ ವೇಗವಾಗಿ ಇಳಿಯುವ ಮಿಗ್-21 ಯುದ್ಧವಿಮಾನಕ್ಕೆ ಹೋಗಬೇಕಾಗಿತ್ತು. ನಡುವೆ ಒಂದು ಮುಂದುವರಿದ ತರಬೇತಿ ಜೆಟ್ ಬೇಕೆಂದು ಸಮಿತಿಯೊಂದು 1982ರಲ್ಲೇ ಹೇಳಿದ್ದರೂ ಹಾಕ್ ಕೊಳ್ಳುವ ಒಪ್ಪಂದಕ್ಕೆ ಸಹಿಯಾದದ್ದು 2004ರಲ್ಲಿ. ಇಷ್ಟು ತಡವಾದದ್ದಕ್ಕೆ ಯಾವ ಸಮಜಾಯಿಷಿಯೂ ನನಗೆ ಒಪ್ಪಿಗೆಯಿಲ್ಲ. ಆ ಒಪ್ಪಂದದ 66 ವಿಮಾನಗಳಲ್ಲಿ 42ನ್ನು ಬೆಂಗಳೂರಿನ ಎಚ್‌ಎಎಲ್ ತಯಾರಿಸಿಕೊಟ್ಟಿತು.

ಬೀದರ್ ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಬಿಸಿಗೆ ಗಾಳಿ ತೆಳುವಾಗಿ ಎಂಜಿನ್ನಿನ ಬಲ ಕುಗ್ಗುತ್ತದೆ, ಮೇಲೇರಲು ರನ್‌ವೇಯಲ್ಲಿ ಓಡಬೇಕಾದ ದೂರ ಹೆಚ್ಚುತ್ತದೆ. ಇಳಿಯುವಾಗ ಸೂಚಕದಲ್ಲಿ ಎಂದಿನ ವೇಗವೇ ಕಂಡರೂ ನೆಲ ಹೆಚ್ಚು ರಭಸದಿಂದ ಎದುರಾಗುತ್ತದೆ, ಆಗ ಶಿಷ್ಯ ಕಣ್ಣಿಗೆ ಮೋಸಹೋಗಿ ಎಂಜಿನ್ನಿನ ಬಲ ನಿಯಂತ್ರಿಸುವ ಥ್ರಾಟಲ್ ಬೇಗ ಹಿಂದೆಳೆದುಬಿಡುತ್ತಾನೆ. ಅದಕ್ಕಾಗಿ ಹೊಸಬರ ಸರ್ಕಿಟ್ ಅಭ್ಯಾಸವನ್ನು, ಅಂದರೆ ಮೇಲೇರಿ ರನ್‌ವೇಯ ಸುತ್ತ ಒಂದು ಸುತ್ತು ಹಾಕಿ ಇಳಿಯುವುದನ್ನು, ಬೆಳಗಿನ ತಂಪಿನಲ್ಲಿ ಮುಗಿಸಿ, ಕೈ ಪಳಗಿದ ಮೇಲೆ ಮಾತ್ರ ಅದೇ ಸರ್ಕಿಟನ್ನು ಬಿಸಿಲಿನಲ್ಲಿ ಮಾಡಿಸುತ್ತಿದ್ದೆ. ಕೊನೆಯ ತಿರುವಿನಲ್ಲಿ ರನ್‌ವೇಯ ತುದಿ, ವೇಗ, ಮತ್ತೆ ರನ್‌ವೇ ಎಂದು ನೋಟವನ್ನು ಹೊರಳಿಸುತ್ತಿರಬೇಕೆಂದು ಹೇಳಿ, ಅವನು ತಾನಾಗಿ ತಿದ್ದಿಕೊಳ್ಳುವವರೆಗೆ ನಾನು ಬಾಯಿ ಬಿಡುತ್ತಿರಲಿಲ್ಲ. ಬೋಧಕನಿಗೆ ಅತಿ ಕಷ್ಟದ ಕೆಲಸ ಇದೇ.

1996ರಲ್ಲಿ ಬೀದರಿನಲ್ಲೇ ಹುಟ್ಟಿದ ಸೂರ್ಯಕಿರಣ್ ವೈಮಾನಿಕ ಪ್ರದರ್ಶನ ತಂಡವನ್ನು ಕಿರಣ್ ವಿಮಾನಗಳು ತರಬೇತಿಗೆ ಬೇಕಾದವೆಂದು 2011ರಲ್ಲಿ ನಿಲ್ಲಿಸಲಾಯಿತು. ಪ್ರದರ್ಶನಕ್ಕಿಂತ ಪಾಠ ಮುಖ್ಯವಾದ್ದರಿಂದ ಅದು ಸರಿಯಾದ ನಿರ್ಧಾರವೇ ಆಗಿತ್ತು. 2015ರಲ್ಲಿ ತಂಡ ಹಾಕ್ ವಿಮಾನಗಳೊಂದಿಗೆ ಮರಳಿದಾಗ, ಅವರ ಅಭ್ಯಾಸದ ಹೊತ್ತನ್ನು ಬಿಟ್ಟುಕೊಟ್ಟು ನಮ್ಮ ಸರ್ಕಿಟ್‌ಗಳಿಗೆ ಬೆಳಗಿನ ಸಮಯ ಉಳಿಸಿಕೊಳ್ಳುವುದು ನಮಗೆ ಹೊಸದೊಂದು ಲೆಕ್ಕಾಚಾರವಾಯಿತು.