ಫೊಂಟೇನ್ಹಾಸ್‌ಗೆ ಎರಡು ಸಲ ಹೋದೆ

ಅಕ್ಕ-ಭಾವ ಪಣಜಿಯ ಹತ್ತಿರ ತಾಳೆಗಾಂವ್‌ನಲ್ಲಿ ಹನ್ನೆರಡು ವರ್ಷದಿಂದ ಇದ್ದಾರೆ. ಧಾರವಾಡದಿಂದ ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಅದೇ: ಮಿರಾಮಾರ್ ಬೀಚು, ಮಂಗೇಶಿ ದೇವಸ್ಥಾನ, ಹಳೇ ಗೋವಾದ ಚರ್ಚು, ಬರುವಾಗ ಒಂದು ಕಿಲೋ ಗೋಡಂಬಿ. ಹೋದ ನವೆಂಬರಿನಲ್ಲಿ ಹೋದಾಗ, ಈ ಸಲ ಪಣಜಿಯ ಹಳೇ ಪೇಟೆ ಫೊಂಟೇನ್ಹಾಸ್‌ನ ಓಣಿಗಳನ್ನು ನಡೆದು ನೋಡಬೇಕು ಅಂದೆ.

"ಅಲ್ಲೇನೈತಿ? ಬಣ್ಣ ಹಚ್ಚಿದ ಹಳೇ ಮನಿ" ಅಂದರು ಭಾವ. ಹನ್ನೆರಡು ವರ್ಷದಲ್ಲಿ ಅವರು ಆ ಓಣಿಯೊಳಗೆ ಕಾಲಿಟ್ಟಿರಲಿಲ್ಲ. ದಿನಾ ಆಫೀಸಿಗೆ ಹೋಗುವ ದಾರಿಯಲ್ಲೇ ಇದೆ, ಅದಕ್ಕೇ ಇರಬೇಕು.

ಮೊದಲ ಸಲ ಮಾಡಿದ್ದೆಲ್ಲ ತಪ್ಪು. ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ತಾಸು ಹೋಯಿತು. ಓಣಿಯೊಳಗೆ ಹೋದರೆ ಜಾತ್ರೆ. ಒಂದು ನೀಲಿ ಗೋಡೆಯ ಮುಂದೆ ಫೋಟೋಗೆ ಸಾಲು ನಿಂತಿತ್ತು, ಪಕ್ಕದಲ್ಲಿ ಮದುವೆ ಜೋಡಿಯ ಶೂಟಿಂಗ್. ನಾನೂ ಸುಮ್ನೆ ಇರಲಿಲ್ಲ. ಹಳದಿ ಮನೆಯೊಂದರ ಮೆಟ್ಟಿಲ ಮೇಲೆ ಕುಳಿತು, ಅಕ್ಕನ ಕೈಗೆ ಫೋನ್ ಕೊಟ್ಟು ಪೋಸು ಕೊಟ್ಟೆ. ತಲೆಯ ಮೇಲಿನ ಕಿಟಕಿ ತೆರೆಯಿತು. ವಯಸ್ಸಾದ ಬಾಯಿಯೊಬ್ಬರು ಬಗ್ಗಿ ನೋಡಿ, "ಹೆಂ ಘರ್, ಸ್ಟುಡಿಯೊ ನ್ಹಯ್" ಅಂದರು. ಇದು ಮನೆ, ಸ್ಟುಡಿಯೋ ಅಲ್ಲ. ಅಷ್ಟೇ ಹೇಳಿ ಕಿಟಕಿ ಮುಚ್ಚಿಕೊಂಡರು. ಎದ್ದು ನೋಡಿದರೆ ಬಾಗಿಲ ಪಕ್ಕದಲ್ಲೇ ಫೋಟೋ ತೆಗೆಯಬೇಡಿ ಅನ್ನುವ ಬೋರ್ಡು. ನನ್ನ ಬೆನ್ನಿಗೇ ಇತ್ತು.

ಆಮೇಲೆ ಫೋನಿನ ಮ್ಯಾಪ್ ನಂಬಿ ಒಂದು ಮೆಟ್ಟಿಲ ಸಾಲು ಹತ್ತಿದೆವು. ಅದು ಯಾರದೋ ಹಿತ್ತಿಲಲ್ಲಿ ಮುಗಿಯಿತು. ಅಕ್ಕ ಮೊಣಕಾಲು ಹಿಡಿದುಕೊಂಡು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಮನೆಗೆ ಬಂದು ಎಣಿಸಿದರೆ ಅರವತ್ತೆರಡು ಫೋಟೋ. ಯಾವುದು ಯಾವ ಓಣಿಯದು ಅಂತ ಒಂದೂ ಗೊತ್ತಿಲ್ಲ.

ಮಂಗಳವಾರ ಮತ್ತೆ ಹೋದೆ, ಒಬ್ಬಳೇ. ಬೆಳಿಗ್ಗೆ ಆರೂವರೆಗೆ ಭಾವ ನನ್ನನ್ನು ಕದಂಬ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿದರು. ಬೇಕಂತಲೇ ಅಲ್ಲಿ ಇಳಿದೆ. ಗೋವಾದ ಸರ್ಕಾರಿ ಬಸ್ಸಿಗೆ ಕದಂಬ ಅಂತ ಹೆಸರು. ನಮ್ಮ ಬನವಾಸಿ ಕದಂಬರ ವಂಶ ಅಂತ ಹೇಳಿಕೊಂಡ ಗೋವಾ ಕದಂಬರು ಇಲ್ಲಿ ಆಳಿದ್ದರಲ್ವಾ, ಅವರ ಹೆಸರೇ. ಅಲ್ಲಿಂದ ಔರೆಂ ನಾಲೆ ದಾಟಿದರೆ ಫೊಂಟೇನ್ಹಾಸ್. ಸೇತುವೆಯ ಮೇಲೆ ಐದು ನಿಮಿಷ ನಿಂತೆ. ಇಡೀ ಪೇಟೆಯ ನಕ್ಷೆ ಅಲ್ಲೇ ಸಿಕ್ಕಿತು: ಮುಂದೆ ನಾಲೆ, ಹಿಂದೆ ಆಲ್ತಿನೋ ಗುಡ್ಡ, ನಡುವಿನ ಸಣ್ಣ ಪಟ್ಟಿಯಲ್ಲಿ ಒತ್ತಿಕೊಂಡು ನಿಂತ ಮನೆಗಳು. ಸೇತುವೆ ದಾಟಿ ಎಡಕ್ಕೆ ತಿರುಗಿದರೆ ಎಡಗಡೆ ನಾಲೆ, ಬಲಗಡೆ ಗುಡ್ಡ. ಇಷ್ಟು ಗೊತ್ತಿದ್ದರೆ ದಾರಿ ತಪ್ಪುವುದು ಕಷ್ಟ. ಫೋನನ್ನು ಚೀಲಕ್ಕೆ ಹಾಕಿದೆ.

ನಾಲೆಯ ದಂಡೆಯ ರಸ್ತೆ ಬಿಟ್ಟು ಒಳಗಿನ 31 ಜನವರಿ ರಸ್ತೆಗೆ ಬಂದೆ. ಭಾನುವಾರದ ಓಣಿಯೇ ಇದು ಅಂತ ನಂಬಲು ಆಗಲಿಲ್ಲ. ಒಬ್ಬರು ಬಾಗಿಲ ಮುಂದೆ ನೀರು ಚಿಮುಕಿಸುತ್ತಿದ್ದರು. ಎಲ್ಲಿಂದಲೋ ಪೊಂಯ್ ಪೊಂಯ್ ಅಂತ ಹಾರ್ನ್. ಸೈಕಲ್ಲಿಗೆ ದೊಡ್ಡ ಬುಟ್ಟಿ ಕಟ್ಟಿಕೊಂಡ ಪೊದೇರ್, ಅಂದರೆ ರೊಟ್ಟಿ ಮಾರುವವನು. ಕೆಲವು ಮನೆಗಳವರು ಬಾಗಿಲ ಹಿಡಿಗೆ ಬಟ್ಟೆ ಚೀಲ ಸಿಕ್ಕಿಸಿಟ್ಟಿದ್ದರು, ಅವನು ಅದರಲ್ಲೇ ಹಾಕಿ ಮುಂದೆ ಹೋಗುತ್ತಿದ್ದ. ನಾನೂ ನಾಲ್ಕು ಪೊಯ್ ಕೊಂಡೆ. ಗೋಧಿ ತೌಡು ಉದುರಿಸಿದ, ಒಳಗೆ ಪೊಳ್ಳಾದ ಬ್ರೆಡ್ಡು. ಬಿಸಿ ಇತ್ತು. ನಡೆಯುತ್ತಲೇ ಒಂದನ್ನು ತಿಂದು ಮುಗಿಸಿದೆ.

ಈ ಪೇಟೆ ಶುರುವಾದ ಕತೆ ನನಗೆ ಇಷ್ಟ. 18ನೇ ಶತಮಾನದ ಕೊನೆಯಲ್ಲಿ ಆಫ್ರಿಕಾದ ಮೊಜಾಂಬಿಕ್‌ನಲ್ಲಿ ದುಡ್ಡು ಮಾಡಿಕೊಂಡು ಬಂದ ಗೋವಾದವನೊಬ್ಬ ಇಲ್ಲಿ ನೆಲೆ ನಿಂತ. ಹೆಸರು ಅಂತೋನಿಯೊ ಜೊವಾವ್ ದೆ ಸಿಕ್ವೇರಾ. ಜನ ಅವನನ್ನು ಮೊಜಾಂಬಿಕ್‌ನವನು ಅನ್ನುವ ಅರ್ಥದಲ್ಲಿ ಮೊಸ್ಮಿಕಾರ್ ಅಂತ ಕರೆಯುತ್ತಿದ್ದರಂತೆ. ದುಬೈಗೆ ಹೋಗಿ ಬಂದವರಿಗೆ ನಮ್ಮ ಕಡೆ ದುಬೈ ಅಂತಲೇ ಹೆಸರಿಡುತ್ತಾರಲ್ಲ, ಹಾಗೆ. ಪಣಜಿ ಅಧಿಕೃತವಾಗಿ ಗೋವಾದ ರಾಜಧಾನಿ ಆಗಿದ್ದು ಅದಾದ ಎಷ್ಟೋ ವರ್ಷದ ಮೇಲೆ, 1843ರಲ್ಲಿ.

ಅರ್ಧ ಓಣಿ ನಡೆದಿರಬಹುದು, ಏಣಿಯ ಮೇಲಿಂದ ಕನ್ನಡ ಕೇಳಿಸಿತು. "ಬಕೀಟ ಸರಸಲೇ." ತಲೆ ಎತ್ತಿದರೆ ಗೋಡೆಗೆ ಬಣ್ಣ ಹಚ್ಚುತ್ತಿದ್ದ ಒಬ್ಬ, ಕೆಳಗೆ ಬಕೆಟ್ಟು ಹಿಡಿದ ಹುಡುಗ. ಯಾವೂರು ಅಂದೆ. "ಬಸವನ ಬಾಗೇವಾಡಿ ಕಡೀದವ್ರೀ. ನೀವ್ರೀ ಅಕ್ಕಾರ?" ಧಾರವಾಡ ಅಂದ ಕೂಡಲೇ ಕೆಳಗಿಳಿದು ಬಂದ. ಅವನ ಜೊತೆ ಮಾತಾಡಿದ ಹತ್ತು ನಿಮಿಷದಲ್ಲಿ ಕಲಿತಷ್ಟನ್ನು ಯಾವ ಗೈಡೂ ನನಗೆ ಹೇಳಿಕೊಟ್ಟಿಲ್ಲ.

"ಮಳಿಗಾಲ ಮುಗದ ಮ್ಯಾಲ ಬಣ್ಣ ಹಚ್ಚಬೇಕ್ರಿ. ಇಲ್ಲಾಂದ್ರ ಗ್ವಾಡಿ ಕರ್ರಗಾಗ್ತಾವ." ಪೋರ್ಚುಗೀಸರ ಕಾಲದಲ್ಲಿ ಚರ್ಚಿಗೆ ಮಾತ್ರ ಪೂರ್ತಿ ಬಿಳಿ, ಮನೆಗಳಿಗೆ ಬೇರೆ ಬಣ್ಣ ಅನ್ನುವ ಪದ್ಧತಿ ಇತ್ತಂತೆ. ಅದಕ್ಕೇ ಈ ನೀಲಿ, ಕಾವಿ, ಹಳದಿ. ಕಿಟಕಿ-ಬಾಗಿಲ ಸುತ್ತ ಮಾತ್ರ ಬಿಳಿ ಪಟ್ಟಿ. ಅವನು ಒಂದು ಕಡೆ ಗಾರೆ ಕಿತ್ತ ಜಾಗ ತೋರಿಸಿದ. ಒಳಗೆ ಕೆಂಪು ಜಂಬಿಟ್ಟಿಗೆ ಕಲ್ಲು, ಅದರ ಮೇಲೆ ದಪ್ಪ ಸುಣ್ಣದ ಗಾರೆ. ಪಕ್ಕದಲ್ಲಿ ಯಾರೋ ಹಿಂದೆ ಸಿಮೆಂಟು ಮೆತ್ತಿದ್ದರು. ಆ ತೇಪೆಯ ಸುತ್ತಲೂ ಬಣ್ಣ ಹಪ್ಪಳದ ಹಾಗೆ ಎದ್ದು ನಿಂತಿತ್ತು. "ಈ ಕಲ್ಲು ನೀರ ಕುಡಿತೈತ್ರಿ. ಸುಣ್ಣ ಇದ್ರ ಹೊರಗ ಬಿಡ್ತೈತಿ. ಸಿಮೆಂಟ್ ಹಾಕಿದ್ರ ಉಸರ ಕಟ್ತೈತಿ." ಉಗುರಿನಿಂದ ಮೀಟಿದ. ಅಂಗೈಯಗಲದ ಚಕ್ಕೆ ಉದುರಿ ಬಿತ್ತು.

ಕಿಟಕಿ ನೋಡುವುದನ್ನೂ ಅವನೇ ಹೇಳಿಕೊಟ್ಟ. ಕೆಲವು ಹಳೇ ಕಿಟಕಿಗಳಲ್ಲಿ ಗಾಜಿಲ್ಲ, ಚಿಪ್ಪಿದೆ. ತೆಳ್ಳಗಿನ ಸಮುದ್ರದ ಚಿಪ್ಪನ್ನು ಚೌಕವಾಗಿ ಕತ್ತರಿಸಿ, ಮರದ ಪಟ್ಟಿಗಳ ನಡುವೆ ಕೂರಿಸಿದ್ದಾರೆ. ದೂರದಿಂದ ಕೊಳೆಯಾದ ಗಾಜು ಅನ್ನಿಸುತ್ತದೆ. ಭಾನುವಾರ ನಾನೂ ಹಾಗೇ ಅಂದುಕೊಂಡಿದ್ದೆ. ಹತ್ತಿರ ಹೋದರೆ ಒಂದೊಂದರ ಮೇಲೂ ಸಣ್ಣ ಗೆರೆಗಳು. ಒಳಗೆ ದೀಪ ಹಾಕಿದ್ದ ಒಂದು ಮನೆಯಲ್ಲಿ ಆ ಚೌಕಗಳೆಲ್ಲ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿದ್ದವು. ಬಿಸಿಲು ಒಳಗೆ ಬರಬೇಕು, ಕಣ್ಣಿಗೆ ಚುಚ್ಚಬಾರದು. ಆಚೆಯವರಿಗೆ ಒಳಗಿದ್ದವರು ಕಾಣಬಾರದು. ಎರಡಕ್ಕೂ ಸರಿ.

ಸಂತ ಸೆಬಾಸ್ಟಿಯನ್ ಚಾಪೆಲ್ ಇರುವುದು ಓಣಿಯ ತುದಿಯಲ್ಲಿ. 1818ರದ್ದು. ನನ್ನ ಅದೃಷ್ಟಕ್ಕೆ ಬೆಳಗಿನ ಪೂಜೆ ಆಗಷ್ಟೇ ಮುಗಿದು ಬಾಗಿಲು ತೆರೆದಿತ್ತು. ಒಳಗಿನ ಶಿಲುಬೆಯ ಮೇಲಿನ ಏಸು ಕಣ್ಣು ತೆರೆದಿದ್ದಾನೆ, ತಲೆಯೂ ವಾಲಿಲ್ಲ. ಇದು ಮೊದಲು ಹಳೇ ಗೋವಾದಲ್ಲಿ, ಇನ್‌ಕ್ವಿಸಿಷನ್ ಅನ್ನುವ ಧರ್ಮ ವಿಚಾರಣೆಯ ಕೋರ್ಟಿನಲ್ಲಿ ಇತ್ತು. 1560ರಲ್ಲಿ ಶುರುವಾದ ಆ ಕೋರ್ಟು 1812ರಲ್ಲಿ ಮುಚ್ಚಿತು. ವಿಚಾರಣೆಗೆ ನಿಂತವರಿಗೆ ಹೆದರಿಕೆ ಹುಟ್ಟಲಿ ಅಂತಲೇ ಕಣ್ಣು ಹಾಗೆ ಮಾಡಿದ್ದು ಅನ್ನುತ್ತಾರೆ. ನಾನು ನಿಂತ ಜಾಗ ಬದಲಾಯಿಸಿ ನೋಡಿದೆ. ಸ್ವಲ್ಪ ಹೆದರಿಕೆ ಆಯಿತು, ಸುಳ್ಳು ಹೇಳುವುದಿಲ್ಲ.

ಇನ್ನು ಸ್ವಲ್ಪ ಮುಂದೆ, ಗುಡ್ಡದ ಬುಡದಲ್ಲಿ ಫೊಂತೆ ಫೆನಿಕ್ಸ್ ಎಂಬ ಚಿಲುಮೆ. ಫೊಂಟೇನ್ಹಾಸ್ ಅನ್ನುವ ಹೆಸರು ಬಂದಿದ್ದು ಇಲ್ಲಿಂದ. ನೋಡಲು ಅಂಥದ್ದೇನಿಲ್ಲ. ಮೇಲಿನ ಮಾರುತಿ ಗುಡಿಯ ಮೆಟ್ಟಿಲು ಮಾತ್ರ ಹತ್ತಿ. ಅರ್ಧಕ್ಕೆ ನಿಂತು ತಿರುಗಿದರೆ ಹೆಂಚಿನ ಮಾಡುಗಳು ಒಂದರ ಮೇಲೊಂದು ಕಾಣುತ್ತವೆ, ಕೆಲವದರ ತುದಿಯಲ್ಲಿ ಹುಂಜದ ಬೊಂಬೆ.

ಬಂದ ದಾರಿಯಲ್ಲೇ ವಾಪಸ್ ನಡೆದೆ. ಇದು ಬೇಜಾರಿನ ಕೆಲಸ ಅನ್ನಿಸಬಹುದು, ಆದರೆ ಬಿಸಿಲು ಆ ಕಡೆಯ ಗೋಡೆಗೆ ಬಂದಿತ್ತು. ಹೋಗುವಾಗ ಕಾಣದ ರಸ್ತೆ ಹೆಸರಿನ ಹೆಂಚುಗಳು ಈಗ ಕಂಡವು: ಬಿಳಿ ಹೆಂಚಿನ ಮೇಲೆ ನೀಲಿ ಅಕ್ಷರ. ಹಾಗೇ ಮುಂದೆ ಹಿಂದಿನ ಕಾಲದಲ್ಲಿ ತಂಬಾಕಿನ ವ್ಯಾಪಾರದ ಮನೆಯಾಗಿದ್ದ ಹೆಡ್ ಪೋಸ್ಟ್ ಆಫೀಸು ದಾಟಿ ಮಾಂಡೋವಿ ದಂಡೆಗೆ ಬಂದರೆ ಹಳೇ ಸೆಕ್ರೆಟರಿಯೇಟ್. ಪೋರ್ಚುಗೀಸರು ಅದನ್ನು ಇದಾಲ್ಕಾವ್ ಅರಮನೆ ಅನ್ನುತ್ತಿದ್ದರು. ಆದಿಲ್ ಖಾನ್ ಅನ್ನುವುದು ಅವರ ಬಾಯಲ್ಲಿ ಹಾಗಾಗಿದ್ದು. ಬಿಜಾಪುರದ ಯೂಸುಫ್ ಆದಿಲ್ ಶಾ ಕಟ್ಟಿಸಿದ ಅರಮನೆ. 1510ರಲ್ಲಿ ಗೋವಾ ಕೈ ತಪ್ಪಿತು, ಆಮೇಲೆ 1759ರಿಂದ ಪೋರ್ಚುಗೀಸ್ ವೈಸರಾಯ್‌ಗಳೇ ಅಲ್ಲಿ ಇದ್ದರು. ಬಸವನ ಬಾಗೇವಾಡಿಯವನಿಗೆ ಇದು ಗೊತ್ತಿರುತ್ತದೋ ಇಲ್ಲವೋ, ಹೇಳೋಣ ಅನ್ನಿಸಿತು. ಅವನ ಊರಿನ ಜಿಲ್ಲೆಯ ಸುಲ್ತಾನ ಅಲ್ವಾ.

ಮಾರನೇ ದಿನ ಧಾರವಾಡದ ಬಸ್ಸಿಗೆ ಮೊದಲು ಒಂದು ಸುತ್ತು ಹೋದೆ. ಈ ಸಲ ಭಾವನೂ ಬಂದರು, ಪೊಯ್ ಆಸೆಗೆ. ಏಣಿ ಇರಲಿಲ್ಲ. ಗೋಡೆ ಮುಗಿದಿತ್ತು. ಕಿಟಕಿಯ ಸುತ್ತಿನ ಬಿಳಿ ಪಟ್ಟಿ ಇನ್ನೂ ಹಸಿ ಇತ್ತು, ಭಾವ ಬೆರಳಿಟ್ಟು ನೋಡಿ ಪ್ಯಾಂಟಿಗೆ ಒರೆಸಿಕೊಂಡರು.