ಬೌಲಿಂಗ್ ಶೈಲಿ ಬದಲಿಸುವಾಗ ತಪ್ಪಿದ ಲೈನ್: ನನ್ನ ಅನುಭವ

ಬೆನ್ನುನೋವಿನಿಂದಾಗಿ ಬೌಲಿಂಗ್ ಶೈಲಿಯನ್ನು ಬದಲಿಸಿಕೊಂಡ ಮೇಲೆ, ಆರು ಎಸೆತಗಳಲ್ಲಿ ಎರಡು ಮಾತ್ರ ಆಫ್ ಸ್ಟಂಪಿನ ನೇರಕ್ಕೆ ಬೀಳುತ್ತಿದ್ದವು. ಉಳಿದವು ಲೆಗ್ ಬದಿಗೆ ಜಾರುತ್ತಿದ್ದವು, ಇಲ್ಲವೇ ನೋಬಾಲ್ ಆಗುತ್ತಿದ್ದವು. ಕಲಬುರಗಿಯ ಬಿಸಿಲೇರುವ ಮೊದಲೇ ಮೈದಾನಕ್ಕೆ ಹೋಗಿ ದಿನಕ್ಕೆ ನೂರು ಎಸೆತ ಹಾಕಿದರೂ, ಚೆಂಡಿನ ಹಿಡಿತ ಬದಲಿಸಿದರೂ ಫಲ ಸಿಗಲಿಲ್ಲ. ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ನೋಡಿದಾಗ ದೋಷವಿರುವುದು ಹಿಂಗಾಲಿನಲ್ಲಿ ಎಂದು ತಿಳಿಯಿತು: ಪಾದವು ಒಮ್ಮೆ ಕ್ರೀಸಿಗೆ ಸಮಾನಾಂತರವಾಗಿ, ಮತ್ತೊಮ್ಮೆ ಬ್ಯಾಟರ್ ಕಡೆಗೆ ತಿರುಗಿ ಇಳಿಯುತ್ತಿತ್ತು.

ಎಸೆಯುವ ಮುಂಚಿನ ಓಟವನ್ನು (ರನ್-ಅಪ್) ಪೂರ್ತಿ ಬಿಟ್ಟೆ. ಹಿಂಗಾಲು ಇಳಿಯಬೇಕಾದಲ್ಲಿ ಸುಣ್ಣದ ಗೆರೆ ಎಳೆದು, ನಿಂತಲ್ಲಿಂದಲೇ 24 ಎಸೆತ, ಆಮೇಲೆ ಮೂರು ಹೆಜ್ಜೆಯಿಂದ 24, ನಂತರ ಅರ್ಧ ಓಟದಿಂದ 24 ಹಾಕಿದೆ; ಆರರಲ್ಲಿ ಐದು ಸಲ ಪಾದ ಗೆರೆಗೆ ಸರಿಯಾಗಿ ಬೀಳುವ ತನಕ ಮುಂದಿನ ಹಂತಕ್ಕೆ ಹೋಗಲಿಲ್ಲ. ಆ ದಿನಗಳಲ್ಲಿ ಚೆಂಡು ಎಲ್ಲಿ ಬಿತ್ತೆಂದು ಲೆಕ್ಕ ಇಡಬಾರದು, ಇದೇ ಮುಖ್ಯ. ಕೊನೆಗೆ ಪಾಪಿಂಗ್ ಕ್ರೀಸಿನಿಂದ (ಬೌಲರ್‌ನ ಮುಂಗಾಲು ಪೂರ್ತಿ ದಾಟಬಾರದ ಗೆರೆ) ಬೌಂಡರಿಯ ಕಡೆಗೆ ಓಡಿ, ಓಟ ಶುರುಮಾಡುವ ಗುರುತನ್ನು ಹೊಸದಾಗಿ ಅಳೆದೆ. ಅದು ಹಳೆಯ ಗುರುತಿಗಿಂತ ಎರಡು ಅಡಿ ಹಿಂದಿತ್ತು. ನೋಬಾಲ್ ಅಲ್ಲಿಗೆ ನಿಂತಿತು.