ಮರದ ಬಾತನ್ನು ನೀರಿಗಿಳಿಸಿ ತೋರಿಸಿದೆವು

ಊರಿನ ಗ್ರಂಥಾಲಯದಲ್ಲಿ ಎರಡು ದಿನ ಮರದ ಬಾತುಗಳ ಪ್ರದರ್ಶನ ಮಾಡೋಣವೆಂದು ಕೂತಾಗ ನಾನು ಹಟ ಹಿಡಿದದ್ದು ಒಂದಕ್ಕೇ: ನೀರಿನ ತೊಟ್ಟಿ ಬೇಕು. ಕಪಾಟಿನಲ್ಲಿ ಸಾಲಾಗಿ ಕೂರಿಸಿದರೆ ಇವು ಗೊಂಬೆಗಳಂತೆ ಕಾಣುತ್ತವೆ. ಇವು ಬೇಟೆಯ ಸಲಕರಣೆ. ಮೇಲೆ ಹಾರುವ ಬಾತುಗಳು ಇವನ್ನು ಕಂಡು, ತಮ್ಮವರೇ ಮೇಯುತ್ತಿದ್ದಾರೆಂದು ನಂಬಿ ನೀರಿಗಿಳಿಯಬೇಕು.

ನಾನಿರುವುದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ, ಸಸ್ಕ್ವೆಹಾನಾ ನದಿ ಚೆಸಪೀಕ್ ಕೊಲ್ಲಿಯನ್ನು ಸೇರುವಲ್ಲಿಗೆ ಹತ್ತಿರ. ಅಲ್ಲಿನ ಹ್ಯಾವರ್ ಡಿ ಗ್ರೇಸ್ ಪಟ್ಟಣದಲ್ಲಿ ಈ ಮರದ ಬಾತುಗಳಿಗೆಂದೇ 1986ರಿಂದ ಒಂದು ವಸ್ತುಸಂಗ್ರಹಾಲಯವಿದೆ. ಚಳಿಗಾಲಕ್ಕೆ ಕ್ಯಾನ್ವಾಸ್‌ಬ್ಯಾಕ್ ಎಂಬ ಜಾತಿಯ ಕಾಡುಬಾತುಗಳು ಇಲ್ಲಿಗೆ ಬರುತ್ತವೆ; ಹಿಂದೆ ಅವು ಮುಖ್ಯವಾಗಿ ಕೊಲ್ಲಿಯ ತಳದ ನೀರುಹುಲ್ಲನ್ನು ಅರಸಿ ಬರುತ್ತಿದ್ದವು. ಹಿಂದೆ ಬೇಟೆಗಾರರು ನೀರಿನ ಮಟ್ಟಕ್ಕೆ ಮುಳುಗಿಸಿದ ಪೆಟ್ಟಿಗೆಯಲ್ಲಿ ಅಂಗಾತ ಮಲಗಿ, ಸುತ್ತ ನೂರಾರು ಮರದ ಬಾತುಗಳನ್ನು ತೇಲಿಬಿಟ್ಟು ಕಾಯುತ್ತಿದ್ದರು. 1918ರ ವಲಸೆ ಹಕ್ಕಿಗಳ ಕಾಯ್ದೆ ಮಾರಾಟಕ್ಕಾಗಿ ಕೊಲ್ಲುವುದನ್ನು ನಿಲ್ಲಿಸಿತು. 1935ರಲ್ಲಿ ಆ ಪೆಟ್ಟಿಗೆಯೂ ಹೋಯಿತು, ಜೀವಂತ ಬಾತುಗಳನ್ನು ಕಟ್ಟಿಹಾಕಿ ಸೆಳೆಯುವ ಪದ್ಧತಿಯೂ ಹೋಯಿತು.

ಜೀವಂತ ಬಾತು ಎಂದು ಕೇಳಿದಾಗ ನನಗೆ ಹಳಗನ್ನಡದ 'ದೀವ' ನೆನಪಾಯಿತು. ಕಾಡಿನ ಮೃಗವನ್ನು ಸೆಳೆಯಲು ಬೇಟೆಗಾರ ಒಯ್ಯುವ ಪಳಗಿದ ಮೃಗ ಅದು. ಈ ಕೆಲಸಕ್ಕೆ ನಮ್ಮಲ್ಲಿ ಇಷ್ಟು ಚಿಕ್ಕ, ಚೊಕ್ಕ ಮಾತೊಂದು ಇತ್ತಲ್ಲ ಎಂದು ಹಿಗ್ಗಿದೆ. ನನ್ನ ಬಾತಿನ ಚೀಟಿಯಲ್ಲಿ 'ಡಿಕಾಯ್' ಎಂಬ ಇಂಗ್ಲಿಷ್ ಹೆಸರಿನ ಕೆಳಗೆ ಕನ್ನಡದಲ್ಲಿ 'ದೀವ' ಎಂದೇ ಬರೆದೆ.

ಆ ಬಾತನ್ನು ಕೆತ್ತಲು ನನಗೆ ಒಂದು ಚಳಿಗಾಲ ಹಿಡಿಯಿತು. ಮೈಗೆ ಬಿಳಿ ಸೀಡರ್, ತಲೆಗೆ ಪೈನ್. ಎರಡು ಕೈಯಲ್ಲಿ ಹಿಡಿದು ಎಳೆಯುವ ಕತ್ತಿಯಿಂದ ಮೈ ದುಂಡಗೆ ಮಾಡಿ, ಅರ ಹಾಕಿ, ಉಪ್ಪುಕಾಗದ ಉಜ್ಜಿದೆ. ಗರಿ ಕೆತ್ತಲಿಲ್ಲ, ಈ ಭಾಗದ ಶೈಲಿಯಲ್ಲಿ ಮೈ ನುಣುಪೇ. ಕಷ್ಟವಾದದ್ದು ತಲೆ. ಕ್ಯಾನ್ವಾಸ್‌ಬ್ಯಾಕ್‌ನ ಹಣೆಯಿಂದ ಕೊಕ್ಕಿನ ತುದಿವರೆಗೆ ಒಂದೇ ಇಳಿಜಾರು. ಅಲ್ಲಿ ಸ್ವಲ್ಪ ತಗ್ಗಾದರೂ ಅದು ಬೇರೆ ಜಾತಿಯ ಬಾತಾಗಿಬಿಡುತ್ತದೆ. ನನ್ನ ಎರಡು ತಲೆಗಳು ಹಾಗೆ ಹಾಳಾದವು.

ಪ್ರದರ್ಶನಕ್ಕೆ ಅಕ್ಕಪಕ್ಕದ ಮನೆಗಳಿಂದ ಹಳೆಯ ಬಾತುಗಳನ್ನೂ ಎರವಲು ಪಡೆದೆವು. ಪ್ರತಿಯೊಂದಕ್ಕೂ ನಾಲ್ಕು ಕಡೆಯಿಂದ ಫೋಟೋ, ಇದ್ದ ಬಿರುಕುಗಳ ಪಟ್ಟಿ, ಕೊಟ್ಟವರ ಸಹಿ. ಈ ಕಾಗದದ ಕೆಲಸ ಬೇಸರದ್ದು, ಆದರೆ ಬಿಡಬಾರದು. ಒಬ್ಬ ಅಜ್ಜಿ ತಮ್ಮ ಮಾವನವರ ಬಾತಿಗೆ ಹೊಸ ಬಣ್ಣ ಬಳಿದು ಕೊಡುತ್ತೇನೆಂದರು. ನಾನು ಕೈಮುಗಿದು ಬೇಡವೆಂದೆ. ಬೇಟೆಗಾರರು ವರ್ಷವರ್ಷ ಬಳಿದ ಬಣ್ಣದ ಪದರಗಳೇ ಅದರ ಆಯುಸ್ಸಿನ ಲೆಕ್ಕ. ಇನ್ನೊಂದು ಎಚ್ಚರಿಕೆ: ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು. ಅದಕ್ಕೇ ಹಳೆಯವನ್ನೆಲ್ಲ ಮಕ್ಕಳ ಕೈಗೆ ಸಿಗದಂತೆ ಗಾಜಿನ ಹಿಂದಿಟ್ಟು, ತೊಟ್ಟಿಗೆ ನಾವೇ ಕೆತ್ತಿದವನ್ನು ಮಾತ್ರ ಬಿಟ್ಟೆವು.

ಹಿಂದಿನ ರಾತ್ರಿ ತೊಟ್ಟಿಗೆ ಬಿಟ್ಟಾಗ ನನ್ನ ಬಾತು ಎಡಕ್ಕೆ ವಾಲಿತು. ಹೊಟ್ಟೆಯಡಿಯ ಸೀಸದ ತೂಕವನ್ನು ಅಂದಾಜಿನ ಮೇಲೆ ಹೊಡೆದಿದ್ದೆ, ಅದೇ ತಪ್ಪು. ಮೊದಲು ತೂಕವನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ ತೇಲಿಬಿಡಬೇಕು, ಸಮವಾಗುವವರೆಗೆ ಹಿಂದೆ ಮುಂದೆ ಸರಿಸಬೇಕು, ಆಮೇಲೆ ಗುರುತು ಹಾಕಿ ಮೊಳೆ ಹೊಡೆಯಬೇಕು. ಹಾಗೆ ಸರಿಪಡಿಸುವಾಗ ರಾತ್ರಿ ಹನ್ನೊಂದಾಗಿತ್ತು. ಬೆಳಗ್ಗೆ ಒಬ್ಬ ಹುಡುಗ ಅದನ್ನು ತಲೆಕೆಳಗಾಗಿ ನೀರಿಗೆ ಹಾಕಿದ. ಅದು ತಾನೇ ಮಗುಚಿ ನೆಟ್ಟಗೆ ನಿಂತಿತು. ಅವನು ಮತ್ತೆ ಮತ್ತೆ ಹಾಕಿದ. ನಾನು ಬೇಡವೆನ್ನಲಿಲ್ಲ.

ತೊಟ್ಟಿಯಿಂದ ಮೂವತ್ತು ಹೆಜ್ಜೆ ದೂರದಲ್ಲಿ ನೆಲಕ್ಕೆ ಪಟ್ಟಿ ಅಂಟಿಸಿ, ಅಲ್ಲಿಂದ ನೋಡಿ ಎಂದೆವು. ಹತ್ತಿರದಲ್ಲಿ ಒರಟೆನಿಸಿದ ಬಣ್ಣ ಅಲ್ಲಿಂದ ಹಕ್ಕಿಯಾಗುತ್ತದೆ: ಕೆಂಗಂದು ತಲೆ, ಕಪ್ಪು ಎದೆ, ಬೆಳ್ಳನೆಯ ಬೆನ್ನು. ನನ್ನ ಮಟ್ಟಿಗೆ ಇಡೀ ಪ್ರದರ್ಶನದಲ್ಲಿ ಅತ್ಯಂತ ಒಳ್ಳೆಯ ಜಾಗ ಆ ಪಟ್ಟಿಯೇ.

ಎರಡನೆಯ ದಿನ ಸಂಜೆ ಎಲ್ಲ ಕಟ್ಟುತ್ತಿದ್ದಾಗ ಆ ಅಜ್ಜಿ ಬಂದು, "ನಮ್ಮದನ್ನೂ ಒಮ್ಮೆ ಬಿಡಲೇನಪ್ಪಾ?" ಎಂದು ಕೇಳಿದರು. ಬಿರುಕುಗಳನ್ನು ಮತ್ತೊಮ್ಮೆ ನೋಡಿ, ಎರಡೇ ನಿಮಿಷ ಎಂದೆ. ತಾವೇ ಎರಡೂ ಕೈಯಲ್ಲಿ ಹಿಡಿದು ಇಳಿಸಿದರು. ಸಭಾಂಗಣದ ಫ್ಯಾನಿನ ಗಾಳಿಗೆ ಅದು ನಿಧಾನ ತಿರುಗಿ, ಗಾಳಿ ಬರುವ ಕಡೆಗೆ ಮುಖ ಮಾಡಿ ನಿಂತಿತು. ಆಮೇಲೆ ಅಜ್ಜಿ ಅದನ್ನೆತ್ತಿ ತಮ್ಮ ಸ್ವೆಟರಿನಲ್ಲೇ ಒರೆಸಿಕೊಂಡರು.